ಬೆಣ್ಣೆಗೆ ಬೇಡಿ

2022ರಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆಯ ಬೆಲೆ ಏರಿತು. ಕೆಲವು ಸೂಪರ್‌ಮಾರ್ಕೆಟ್‌ಗಳು ಬೆಣ್ಣೆ ಡಬ್ಬಿಗೂ ಕಳ್ಳತನ ತಡೆಯುವ ಟ್ಯಾಗ್ ಬಿಗಿದವು. ನಮ್ಮ ಯಶೋದೆ ಗಡಿಗೆಯನ್ನು ನೆಲುವಿಗೇರಿಸಿ ಸುಮ್ಮನಾಗಿದ್ದಳು. ಪಾಪ, ಆಕೆಗೆ ಎಲೆಕ್ಟ್ರಾನಿಕ್ಸ್ ಗೊತ್ತಿರಲಿಲ್ಲ.

ಈ ಟ್ಯಾಗುಗಳಲ್ಲಿ ಒಂದು ಬಗೆಯದಂತೂ ನೀತಿಪಾಠವೇ ಸರಿ. ಬಾಗಿಲ ಕಂಬಗಳು ಸೆಕೆಂಡಿಗೆ 58,000 ಬಾರಿ ಕಂಪಿಸುವ ಕಾಂತೀಯ ಅಲೆಯನ್ನು ಬಿಟ್ಟುಬಿಟ್ಟು ಹೊರಡಿಸುತ್ತವೆ. ಲೇಬಲ್ಲಿನೊಳಗಿನ ಲೋಹದ ಪಟ್ಟಿ ಅದಕ್ಕೆ ತಾನೂ ನಡುಗುತ್ತದೆ, ಅಲೆ ನಿಂತ ಮೇಲೂ ಕ್ಷಣಕಾಲ ನಡುಗುತ್ತಲೇ ಇರುತ್ತದೆ. ಆ ನಡುಕ ಕೇಳಿಸಿತೋ, ಕಂಬ ಕೂಗಿಕೊಳ್ಳುತ್ತದೆ. ಕದ್ದವನು ನಡುಗದಿದ್ದರೂ ಕದ್ದ ಮಾಲು ನಡುಗಬೇಕು! ಕೌಂಟರಿನಲ್ಲಿ ಲೇಬಲ್ಲಿನ ಕಾಂತಶಕ್ತಿ ಅಳಿಸಲು ಮರೆತರೆ ದುಡ್ಡು ಕೊಟ್ಟವನೂ ಬಾಗಿಲಲ್ಲಿ ಕಳ್ಳ. ಚೀಲದೊಳಗೆ ಅಲ್ಯೂಮಿನಿಯಂ ಹಾಳೆ ಹೊದಿಸಿಕೊಂಡು ಬಂದ ಕಸುಬುದಾರ ಎಷ್ಟೋ ಸಲ ಸಲೀಸಾಗಿ ದಾಟುತ್ತಾನೆ.

ಅದೇ ದೇಶದಲ್ಲಿ ಬ್ರಿಟಿಷ್ ಮ್ಯೂಸಿಯಂ ಇದೆ. ನಿಮ್ಮ ವಸ್ತುಗಳು ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿವೆ ಎಂದು 2021ರಲ್ಲೇ ವ್ಯಾಪಾರಿಯೊಬ್ಬರು ಎಚ್ಚರಿಸಿದರು. ಎಲ್ಲ ಸರಿಯಾಗಿದೆ ಎಂಬ ಉತ್ತರ ಬಂತು. 2023ರಲ್ಲಿ ನೋಡಿದರೆ ಸುಮಾರು 2,000 ವಸ್ತುಗಳು ಕಳವು, ಕಾಣೆ, ಇಲ್ಲವೇ ಹಾಳು. ಎಷ್ಟೋ ಹರಳು, ಆಭರಣಗಳು ಪಟ್ಟಿಗೇ ಸೇರಿರಲಿಲ್ಲವಂತೆ. ಪಟ್ಟಿಯಲ್ಲೇ ಇಲ್ಲದ್ದು ಕಳೆದುಹೋಗುವುದಾದರೂ ಹೇಗೆ? ಈ ಜಾಣತನ ಬೆಣ್ಣೆ ಮಾರುವವರಿಗೆ ಹೊಳೆದಿಲ್ಲ. ಅಡಿಕೆ ಕದ್ದವನ ಮಾನ ಹೋಗುತ್ತದೆ. ಆನೆ ಕದ್ದವರದು ಹೋದ ದಾಖಲೆಯಿಲ್ಲ.

ಆನೆ ಕದಿಯುವ ಕ್ರಮ ತಿಳಿಯಬೇಕಾದರೆ ಶ್ರೀರಂಗಪಟ್ಟಣಕ್ಕೆ ಬನ್ನಿ. 1799ರಲ್ಲಿ ಕೋಟೆ ಬಿದ್ದ ಮೇಲೆ ಲೂಟಿಯನ್ನು ಹಂಚಲು ಬ್ರಿಟಿಷ್ ಸೈನ್ಯ ಒಂದು ಸಮಿತಿಯನ್ನೇ ಮಾಡಿತು. ಬಿಲ್ಲಿಂಗ್ ಕೌಂಟರ್ ಅಂದರೆ ಅದು! ಅಲ್ಲಿಂದ ಹೊರಟದ್ದರಲ್ಲಿ ಟಿಪ್ಪುವಿನ ಮರದ ಹುಲಿಯೂ ಒಂದು. ಈಗದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟಿಪ್ಪು ಮುನ್ನೆಚ್ಚರಿಕೆಯಿಲ್ಲದವನೇನಲ್ಲ, ಹುಲಿಯ ಹೊಟ್ಟೆಯೊಳಗೇ ಅಲಾರಾಂ ಇತ್ತು: ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಅದರಡಿ ಬಿದ್ದ ಬಿಳಿಯ ನರಳುತ್ತಾನೆ. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಅದು ಪ್ರದರ್ಶನಕ್ಕಿತ್ತು. ಬಂದುಹೋಗುವವರೆಲ್ಲ ಹಿಡಿ ತಿರುಗಿಸುವವರೇ. ಇಷ್ಟು ಕೂಗಿದರೂ ಬಿಲ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರು ಮಾತ್ರ, ಗಲಾಟೆಯಾಗುತ್ತಿದೆ ಎಂದು ದೂರಿದರು.