ಎಲ್ಬೋ ಇಲ್ಲದ ಡ್ರಮ್ಮಿನ ಜೊತೆ ಅರ್ಧ ಗಂಟೆ

(ಕಾಲ್ಪನಿಕ ಸಂದರ್ಶನ)

ನಮ್ಮ ಸಮುದಾಯ ಭವನದ ಪುರಾಣವನ್ನು ಬೆಂಗಳೂರಿನ ತ್ಯಾಗರಾಜನಗರದವರಿಗೆ ಮತ್ತೆ ಹೇಳಿ ಬಿ.ಪಿ. ಏರಿಸುವುದಿಲ್ಲ. ಪಶ್ಚಿಮದ ಬಿಸಿಲಿಗೆ ಎದೆ ಕೊಟ್ಟು ನಿಂತ ಗಾಜು, ‘ಪರಿಸರಸ್ನೇಹಿ ಬಹುಪಯೋಗಿ ಸಮುದಾಯ ಭವನ’ ಎಂಬ ಬೋರ್ಡು, ಬೋರ್ಡಿನ ಕೆಳಗೇ ಗುರುಗುಟ್ಟುವ ಜನರೇಟರು. ಉಸ್ತುವಾರಿಯವರು ಮೀಟಿಂಗಿನಲ್ಲಿದ್ದರು, ನಕ್ಷೆ ಬರೆದವರು ಫೋನ್ ಎತ್ತಲಿಲ್ಲ. ಹಿಂಬದಿ ಮೂಲೆಯಲ್ಲಿ ಮಳೆನೀರು ಸೋಸಲೆಂದು ನಿಲ್ಲಿಸಿರುವ ನೀಲಿ ಡ್ರಮ್ ಮಾತ್ರ ಬಿಡುವಾಗಿತ್ತು. ಅದು ಉದ್ಘಾಟನೆಯ ದಿನದಿಂದಲೂ ಬಿಡುವಾಗಿಯೇ ಇದೆ.

ನಾನು: ನಮಸ್ಕಾರ, ಹೇಗಿದ್ದೀರಿ?

ಡ್ರಮ್: ಸ್ವಲ್ಪ ಮೇಲೆ ನೋಡಿ ಸಾರ್. ತಾರಸಿಯಿಂದ ಪೈಪ್ ಇಳಿದು ಬಂತಾ? ನನ್ನ ಬಾಯಿಗೆ ಇನ್ನೊಂದು ಗೇಣು ಇದೆ ಅನ್ನುವಾಗ ನಿಂತುಹೋಯ್ತಾ? ಅಲ್ಲಿಗೊಂದು ನಾಲ್ಕಿಂಚಿನ ಎಲ್ಬೋ ಬೇಕಿತ್ತು. ಹಾಕಲಿಲ್ಲ. ಮಳೆ ಬಂದರೆ ನೀರು ನನ್ನ ಪಕ್ಕದಲ್ಲೇ ಧುಮುಕಿ ಸೀದಾ ಮೋರಿಗೆ. ಹೊಟ್ಟೆ ತುಂಬಾ ಜಲ್ಲಿ, ಮರಳು, ಇದ್ದಿಲು ತುಂಬಿಕೊಂಡು ಒಣಗಿ ನಿಂತಿದ್ದೀನಿ.

ನಾನು: ತಪಾಸಣೆಗೆ ಬಂದವರು ಗಮನಿಸಲಿಲ್ಲವೇ?

ಡ್ರಮ್: ಫೋಟೋ ತೆಗೆದರಲ್ಲ! ಫೋಟೋದಲ್ಲಿ ಡ್ರಮ್ ಬಂದರೆ ಸಾಕು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ನಮ್ಮ ಕುಲಕ್ಕೆ ಕಾಲ ಬಂತು ಅಂದುಕೊಂಡಿದ್ವಿ. ಈ ಊರಲ್ಲಿ ಕೊಯ್ಲಿಗಿಂತ ದಂಡವೇ ಸಲೀಸು ಅಂತ ಬಿಲ್ಲಿನ ಜೊತೆ ತಿಂಗಳು ತಿಂಗಳು ಕಟ್ಟೋರಿದ್ದಾರೆ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ವಿಶ್ವೇಶ್ವರಯ್ಯನವರ ಹೆಸರಿನದು. ನಮ್ಮ ದಾಯಾದಿಗಳೆಲ್ಲ ಅಲ್ಲಿದ್ದಾರೆ. ಎಲ್ಬೋ ಗಿಲ್ಬೋ ಎಲ್ಲ ಹಾಕಿಸಿಕೊಂಡು, ಬಂದವರಿಗೆ ಪಾಠ ಹೇಳ್ತಾರೆ. ನನ್ನನ್ನು ನೋಡೋಕೆ ಬರೋದು ಒಂದು ಬೆಕ್ಕು.

ನಾನು: ಅದಿರಲಿ, ಈ ಕಟ್ಟಡಕ್ಕೆ ಜಗಲಿ ಯಾಕಿಲ್ಲ? ಸಮುದಾಯ ಭವನ ಅಂದ ಮೇಲೆ ದುಡ್ಡು ಕೊಡದೆ, ರಸೀದಿ ತೋರಿಸದೆ ಕೂರಲು ಒಂದು ಜಾಗ ಬೇಡವೇ? ಒಂದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ, ಮೇಲೊಂದು ಮಾಡು. ಜನ ಸೇರುವ ಜಾಗಕ್ಕೆ ಮಾದರಿ ಹುಡುಕಿ ದೂರ ಹೋಗಬೇಕಿರಲಿಲ್ಲ. ಇಲ್ಲೇ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಂಸ್ಥೆಯನ್ನು ಡಿ.ವಿ.ಜಿ. ಹುಟ್ಟುಹಾಕಿದ್ದು 1945ರಲ್ಲಿ. ಬಸವನಗುಡಿಯ ಬಿ.ಪಿ. ವಾಡಿಯಾ ಅವರ ವರ್ಲ್ಡ್ ಕಲ್ಚರ್ ಸಂಸ್ಥೆಯೂ ಅದೇ ವರ್ಷದ್ದು. ಪುಸ್ತಕ, ಉಪನ್ಯಾಸ, ಆಮೇಲೆ ಬಾಗಿಲಲ್ಲಿ ನಿಂತು ಹರಟೆ, ಇಷ್ಟಿದ್ದರೂ ‘ಬಹುಪಯೋಗಿ’ ಅಂತ ಅವರು ಬೋರ್ಡು ಬರೆಸಿಕೊಳ್ಳಲಿಲ್ಲ.

ಡ್ರಮ್: ಜಗಲಿ ಮಾಡಿನ ನೀರು ಇಳಿಯೋಕೂ ಎಲ್ಬೋ ಬೇಕು ಸಾರ್.

ನಾನು: ಸರಿ, ಬಹುಪಯೋಗದ ಬಗ್ಗೆಯೇ ಹೇಳಿ.

ಡ್ರಮ್: ನಕ್ಷೆಯಲ್ಲಿ ವಾಚನಾಲಯ, ಯೋಗ, ಮಕ್ಕಳಿಗೆ ಸಂಜೆ ಪಾಠ, ಹಿರಿಯರಿಗೆ ಶುಗರ್ ತಪಾಸಣೆ. ನಡೆಯೋದು ಮದುವೆ, ಮುಂಜಿ, ಸೀಮಂತ, ವೈಕುಂಠ ಸಮಾರಾಧನೆ, ಆಷಾಢದಲ್ಲಿ ಸೀರೆ ಸೇಲು. ಅಡ್ವಾನ್ಸ್ ಕೊಟ್ಟವರಿಗೆ ಸಕಲ ವಿಧದಲ್ಲೂ ಉಪಯೋಗಿ. ವಾಚನಾಲಯದಲ್ಲಿ ಪ್ಲಾಸ್ಟಿಕ್ ಕುರ್ಚಿ ಪೇರಿಸಿದ್ದಾರೆ.

ನಾನು: ಇನ್ನು ಇದನ್ನು ಕಟ್ಟಿದ ರೀತಿ ನೋಡಿ. 1974ರಲ್ಲೇ ಐಐಎಸ್‌ಸಿಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಸುಡದೆ ಒತ್ತಿದ ಇಟ್ಟಿಗೆಯಲ್ಲಿ ಮನೆ ಕಟ್ಟಬಹುದೆಂದು ತೋರಿಸಿದರು. ಊರಲ್ಲೇ ಇರುವ ವಿದ್ಯೆ ಬಿಟ್ಟು ಗಾಜು ಬಡಿದು, ಒಳಗೆ ಏಸಿ ಹಾಕಿ…

ಡ್ರಮ್: ಆ ಏಸಿಯ ನೀರಿಗೆ ಪೈಪಿದೆ. ಪೈಪಿನ ತುದಿಗೆ ಎಲ್ಬೋನೂ ಇದೆ. ದಿನಾ ನೋಡ್ತಾ ಇರ್ತೀನಿ.

ನಾನು: ಸೌರಫಲಕ?

ಡ್ರಮ್: ಗೊತ್ತಿಲ್ಲ. ನನ್ನ ಲೆಕ್ಕ ಕೇಳಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ನಮ್ಮ ತಾರಸಿ 4,000 ಚದರಡಿ. ಪೋಲಾಗಿದ್ದು ಕಳೆದರೂ ಮೂರು ಲಕ್ಷ ಲೀಟರಿಗೆ ಮೋಸವಿಲ್ಲ. ಅದನ್ನು ಮೋರಿಗೆ ಬಿಟ್ಟು, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ತಂದ ಕಾವೇರಿಯಲ್ಲಿ ಊಟದ ಹಾಲ್ ತೊಳೀತಾರೆ. 2024ರ ಮಾರ್ಚಿನಲ್ಲಿ ಕುಡಿಯೋ ನೀರಲ್ಲಿ ಕಾರ್ ತೊಳೆದರೆ 5,000 ರೂಪಾಯಿ ದಂಡ ಅಂದರು. ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತವೇ ಬಂತು. ಎಲ್ಬೋ ಬರಲಿಲ್ಲ.

ನಾನು: ಜಗಲಿ ಇದ್ದಿದ್ದರೆ ಟ್ಯಾಂಕರಿಗೆ ಕಾಯುವವರಾದರೂ ಕೂರಬಹುದಿತ್ತು.

ಡ್ರಮ್: ಕೂರೋರ ವಿಷಯ ಹೇಳ್ತೀನಿ ಕೇಳಿ. ಬೆಳಗ್ಗೆ ಆರಕ್ಕೆ ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸರು ಹತ್ತೂವರೆಗೆ ಗೇಟಿನಾಚೆ, ನನ್ನ ನೆರಳು ಬೀಳೋ ಕಡೆ ಕೂತು ಬುತ್ತಿ ಬಿಚ್ಚುತ್ತಾರೆ. ಚಿತ್ರಾನ್ನ, ಒಂದು ತುಂಡು ಉಪ್ಪಿನಕಾಯಿ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇರುತ್ತೆ. ಗಂಟಲಿಗೆ ಸಿಕ್ಕಿಕೊಂಡರೆ ಮಾತ್ರ ಒಂದು ಗುಟುಕು. ಜಾಸ್ತಿ ಕುಡಿದರೆ ಹೋಗೋದೆಲ್ಲಿಗೆ? ಒಳಗೆ ಟಾಯ್ಲೆಟ್ಟುಗಳಿವೆ, ಟೈಲ್ಸ್ ಫಳಫಳ ಅನ್ನುತ್ತೆ, ಬೀಗ ಹಾಕಿದೆ. ಬೀಗದ ಕೈ ಬುಕಿಂಗ್ ನೋಡಿಕೊಳ್ಳೋರ ಹತ್ತಿರ.

ನನಗೆ ಮುಂದಿನ ಪ್ರಶ್ನೆ ತೋಚಲಿಲ್ಲ. ಬಿಸಿಲಲ್ಲಿ ದುಡಿಯುವ ಹೆಂಗಸು ಮಧ್ಯಾಹ್ನದವರೆಗೆ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡಿದ್ದರೆ ಏನಾಗುತ್ತದೆಂದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಮದುವೆಯ ಮಾರನೆಯ ದಿನ ಈ ಭವನದ ಎಂಜಲೆಲೆ ಎತ್ತುವುದೂ ಅವರೇ. ಆಗ ಗೇಟು ತೆರೆಯುತ್ತದೆ, ಎಲೆ ಎತ್ತಿದ ಮೇಲೆ ಮುಚ್ಚುತ್ತದೆ. ಇದನ್ನು ಕೇಳೋಣವೆಂದರೆ ಯಾರ ಮನೆ ಬಾಗಿಲು ತಟ್ಟಬೇಕು? 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸಲಿಲ್ಲ. 2025ರಲ್ಲಿ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದರು. ಒಂದು ಕಕ್ಕಸಿನ ಬೀಗ ತೆಗೆಸಲು ಯಾವ ಪಾಲಿಕೆಯೂ ಬೇಕಿರಲಿಲ್ಲ. ನಾಚಿಕೆ ಸಾಕಿತ್ತು.

ಡ್ರಮ್: ಸಾರ್, ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೀವೇ ಒಂದು ಎಲ್ಬೋ ತಂದು ಸಿಕ್ಕಿಸಬಾರದಾ?

ನಾನು: ಸಾರ್ವಜನಿಕ ಆಸ್ತಿ ಕಣಪ್ಪ, ಹಾಗೆಲ್ಲ ಮುಟ್ಟೋ ಹಾಗಿಲ್ಲ. ಎಸ್ಟಿಮೇಟ್ ಆಗಬೇಕು, ಟೆಂಡರ್ ಆಗಬೇಕು. ಅರ್ಜಿ ಬರೀತೀನಿ. ಅದರಲ್ಲೇ ಜಗಲಿಯನ್ನೂ ಸೇರಿಸಿಬಿಡಲೇ?

ಡ್ರಮ್: ಸೇರಿಸಿ. ಆದರೆ ಮೊದಲನೇ ಸಾಲಲ್ಲಿ ಬೀಗದ ಕೈ ಬರೀರಿ. ಎಲ್ಬೋ ಎರಡನೇ ಸಾಲಿಗಿರಲಿ. ನಿಮ್ಮ ಜಗಲಿ, ಜಾಗ ಉಳಿದರೆ ನೋಡೋಣ.