ಪೇಪರ್ ಟಫ್ ಇತ್ತಂತೆ

ನಿಮ್ಮ ಮಗನಿಗೆ ಬೈಬೇಡಿ ಅಕ್ಕ. ಎಸ್ಸೆಸ್ಸೆಲ್ಸಿ ಗಣಿತಕ್ಕೆ 52 ಬಂತು ಅಂತ ಕೊರಗೋ ಬದಲು, ಅದಕ್ಕೆ ಅವನು ಏನು ಕಾರಣ ಹೇಳ್ತಾನೆ ಅಂತ ಒಂದು ಸಲ ಕಿವಿಗೊಟ್ಟು ಕೇಳಿ. ನಿನ್ನೆ ಗೇಟಿನ ಹತ್ತಿರ ಸಿಕ್ಕಿದ್ದ. "ಪೇಪರ್ ಟಫ್ ಇತ್ತು ಆಂಟಿ, ವ್ಯಾಲ್ಯುಯೇಷನ್ನೂ ಸ್ಟ್ರಿಕ್ಟಂತೆ" ಅಂದ. ಆಮೇಲೆ ಮೆಲ್ಲಗೆ, "ನಂಗೆ ಮ್ಯಾಥ್ಸ್ ತಲೆಗೇ ಹತ್ತಲ್ಲ" ಅಂದ. ಆ ಎರಡನೇ ಮಾತು ಕೇಳಿ ನನಗೆ ಸಂಕಟ ಆಯ್ತು.

ಒಂದು ಹೊರಗಿನ ಕಾರಣ, ಇನ್ನೊಂದು ಒಳಗಿನದು. ಆದರೆ ಎರಡರಲ್ಲೂ ಹುಡುಗನ ಕೈಲಿ ಮಾಡೋಕೆ ಏನೂ ಉಳಿಯಲ್ಲ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ 29 ಜೋಡಿ ಹೇಳಿಕೆಗಳ ಒಂದು ಪ್ರಶ್ನಾವಳಿ ಪ್ರಕಟಿಸಿದ್ರು. ನಮಗಾಗೋದು ನಮ್ಮಿಂದ ಅಂತ ನಂಬ್ತೀವೋ, ಅದೃಷ್ಟದಿಂದ, ಬೇರೆಯವರಿಂದ ಅಂತ ನಂಬ್ತೀವೋ ಅಳೆಯೋಕೆ ಅದು. ಆಮೇಲೆ ಬರ್ನಾರ್ಡ್ ವೀನರ್ ಬಂದು, ಕಾರಣ ಒಳಗಿದೆಯೋ ಹೊರಗಿದೆಯೋ ಅಂತ ನೋಡಿದರೆ ಸಾಲದು, ಅದು ಬದಲಾಗುತ್ತಾ, ನಮ್ಮ ಹಿಡಿತದಲ್ಲಿದೆಯಾ ಅಂತಲೂ ಕೇಳಿ ಅಂದ್ರು. ನನಗೆ ತುಂಬಾ ಸರಿ ಅನ್ನಿಸಿದ್ದು ಇದೇ. ಬುದ್ಧಿ ಇಲ್ಲ ಅಂದುಕೊಂಡ ಮಗು ಪುಸ್ತಕ ಮುಚ್ಚಿಡುತ್ತೆ. ರೂಢಿ ಸಾಲದು ಅಂದುಕೊಂಡಿದ್ದು ಇನ್ನೊಂದು ಲೆಕ್ಕಕ್ಕೆ ಕೈ ಹಾಕುತ್ತೆ.

ಅದಕ್ಕೇ ಹೇಳೋದು, ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. ನಮ್ಮವರು ಅದನ್ನ ಮರುಮೌಲ್ಯಮಾಪನಕ್ಕೆ ಮಾತ್ರ ಅಂದುಕೊಂಡಿದ್ದಾರೆ. ಹೋದ ವರ್ಷ ನನ್ನ ಹತ್ರ ಟ್ಯೂಷನ್ನಿಗೆ ಬರ್ತಿದ್ದ ಹುಡುಗೀದು ಬಂದಾಗ ಟೇಬಲ್ ಮೇಲೆ ಹರಡಿಕೊಂಡು ಕೂತ್ವಿ. ವರ್ಗ ಸಮೀಕರಣದಲ್ಲಿ ಬಿ ಬೆಲೆ ಮೈನಸ್ ಐದು. ಸೂತ್ರದಲ್ಲಿ ಮೈನಸ್ ಬಿ ಅಂದ್ರೆ ಪ್ಲಸ್ ಐದಾಗಬೇಕು. ಮೈನಸ್ಸೇ ಉಳಿಸಿಕೊಂಡಿದ್ಲು. ಥೇಲ್ಸ್ ಪ್ರಮೇಯದಲ್ಲಿ ಚಿತ್ರ ಚೆಂದ ಬರೆದು, ದತ್ತ, ಸಾಧನೀಯ ಎಲ್ಲಾ ಹಾಕಿ, ರಚನೆ ಬಿಟ್ಟು ನೇರ ಸಾಧನೆಗೆ ಹಾರಿದ್ಲು. ಗ್ರಾಫಿಗೆ ಪೂರ್ತಿ ಅಂಕ! ಬೆರಳಿಟ್ಟು ಒಂದೊಂದೇ ಸಾಲು ನೋಡ್ತಾ ಹೋದ ಹಾಗೆ ಅವಳ ಮುಖ ತಿಳಿಯಾಯ್ತು. ಗಣಿತವೇ ಬರಲ್ಲ ಅಂತ ಅಳ್ತಾ ಬಂದವಳು, "ಹಾಗಾದ್ರೆ ಚಿಹ್ನೆ ನೋಡ್ಕೊಂಡ್ರೆ ಆಯ್ತಲ್ವಾ ಮಿಸ್" ಅಂದ್ಲು. ಬ್ಯಾರಿ ಝಿಮರ್ಮನ್ ಅನ್ನೋ ವಿದ್ವಾಂಸರು ಕಲಿಕೆಯನ್ನ ಒಂದು ಸುತ್ತು ಅಂತಾರೆ: ಮೊದಲು ಯೋಜನೆ, ಆಮೇಲೆ ಕೆಲಸ, ಕೊನೆಗೆ ಆತ್ಮಾವಲೋಕನ. ಆ ಅವಲೋಕನದಿಂದಲೇ ಮುಂದಿನ ಯೋಜನೆ. ನಮ್ಮ ಮನೆಗಳಲ್ಲಿ ಫಲಿತಾಂಶದ ದಿನ ಬೈಗುಳವೋ ಸ್ವೀಟೋ ಹಂಚಿ ಮುಗಿಸಿಬಿಡ್ತೀವಿ, ಸುತ್ತು ಅಲ್ಲೇ ಕಡಿದುಹೋಗುತ್ತೆ.

ಹಾಗಂತ ಎಲ್ಲಾನೂ ಮಕ್ಕಳ ಮೇಲೇ ಹೊರಿಸೋದಾ ಅಂತೀರಾ? ಖಂಡಿತ ಬೇಡ ಅಕ್ಕ. 1966ರಲ್ಲೇ ಅಮೆರಿಕದಲ್ಲಿ 6 ಲಕ್ಷ ಮಕ್ಕಳನ್ನ ಒಳಗೊಂಡ ಕೋಲ್ಮನ್ ವರದಿ ಬಂತು. ತನ್ನ ಬದುಕಿನ ಮೇಲೆ ತನಗೆ ಹಿಡಿತ ಇದೆ ಅನ್ನೋ ಭಾವನೆಗೂ ಕಲಿಕೆಗೂ ಇರೋ ನಂಟು, ಶಾಲೆಯ ಸೌಲಭ್ಯಗಳ ನಂಟಿಗಿಂತ ಬಲವಾಗಿ ಕಾಣಿಸ್ತು. ಕಪ್ಪು ಜನಾಂಗದ ಮಕ್ಕಳಲ್ಲಿ ಆ ಭಾವನೆ ಬಿಳಿಯ ಮಕ್ಕಳಿಗಿಂತ ಕಡಿಮೆ ಇತ್ತು. ಯಾಕಿರಲ್ಲ? ಎಷ್ಟು ತಟ್ಟಿದರೂ ತೆರೆಯದ ಬಾಗಿಲುಗಳೇ ಎದುರಿಗಿದ್ರೆ ನಂಬಿಕೆ ಎಲ್ಲಿಂದ ಬರಬೇಕು? ಗಣಿತದ ಮೇಷ್ಟ್ರೇ ಇಲ್ಲದ ಶಾಲೆಗೆ, ತಮ್ಮನಿಗೆ ಊಟ ಹಾಕಿ, ಬಸ್ಸಿಗೆ ಓಡಿ ಹೋಗೋ ಹುಡುಗಿಗೆ "ಎಲ್ಲಾ ನಿನ್ನ ಕೈಲೇ ಇದೆ" ಅನ್ನೋದು ಅನ್ಯಾಯ. ಅವಳಿಗೆ ಮೊದಲು ಮೇಷ್ಟ್ರು ಬೇಕು.

2024ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ 1, 2, 3 ಅಂತ ಮಾಡಿದ್ದು, ತಪ್ಪು ನೋಡಿ ತಿದ್ದಿಕೊಳ್ಳೋ ದೃಷ್ಟಿಯಿಂದ ನನಗೆ ಒಳ್ಳೇದು ಅನ್ನಿಸ್ತು. ಇನ್ನೊಂದು ಸಲ ಬರೆಯಬಹುದು, ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ನೋಡಿಕೊಂಡ ತಪ್ಪನ್ನ ತಿದ್ದೋಕೆ ಜಾಗ ಸಿಕ್ತು.

ಇವತ್ತೇ ಪ್ರತಿಗೆ ಅರ್ಜಿ ಹಾಕಿಸಿ. ಬಂದಾಗ ಅವನೇ ಮೊದಲು ಕೂತು ನೋಡಲಿ, ಅವರಪ್ಪ ಆಮೇಲೆ ನೋಡಿದರೆ ಸಾಕು. ತಪ್ಪಿನ ಪಕ್ಕದಲ್ಲಿ ಯಾಕಾಯ್ತು ಅಂತ ಪೆನ್ಸಿಲ್ಲಲ್ಲಿ ಬರೀಲಿ. ಬರೆದದ್ದನ್ನ ಹಿಡ್ಕೊಂಡು ಸಂಜೆ ನಮ್ಮನೆಗೆ ಕಳಿಸಿ, ನಾನಿರ್ತೀನಿ.