ಒತ್ತಿದರೆ ಕಾಸು

ಅಜ್ಜೀಪುರದ ಸೀರೆ ಅಂಗಡಿ. ಅಳಿಯ ಗೂಗಲ್ಲಿನಲ್ಲಿ ಜಾಹೀರಾತು ಹಾಕಿದ್ದಾನೆ.

"ಮಾವ, ಜನ ಸಿಕ್ಕಾಪಟ್ಟೆ ಒತ್ತವ್ರೆ!"

"ಒಂದ್ ಸೀರೆನಾರೂ ಹೋಯ್ತೇನ್ಲಾ?"

"ಇಲ್ಲ. ಆದ್ರೂ ಒಂದೊಂದು ಒತ್ತಿಗೂ ಕಾಸು ಕಟ್ಟಬೇಕು. 2002ರಿಂದ ಗೂಗಲ್‌ನೋರ ಲೆಕ್ಕ ಹಂಗೇಯ."

"ಮಡಿಕೆ ಬಿಚ್ಚಿಸಿ ಸುಮ್ಕೆ ಹೋದೋರಿಗೂ ನಾನೇ ದುಡ್ಡು ಕೊಡ್ಬೇಕಾ?"

"ಅದ್ಕೇ ಎರಡು ಥರ ಬರ್ದು ಪರೀಕ್ಷೆ ಮಾಡ್ದೆ. 'ಕೊಳ್ಳೇಗಾಲದ ರೇಷ್ಮೆ ಸೀರೆ' ಅಂದ್ರೆ ನಾಕು ಜನ. 'ಕೊಳ್ಳೇಗಾಲದ ವಿಶೇಷ' ಅಂದ್ರೆ ಜಾತ್ರೆ!"

"ಏನ್ ಹುಡುಕ್ಕೊಂಡು ಬಂದೋರ್ಲಾ ಅವ್ರು?"

"ಅದೂ... ವಶೀಕರಣ, ಮಾಟ, ತಡೆ ಒಡೆಯೋದು."

(ಕೊಳ್ಳೇಗಾಲ ಎಂದರೆ ನಾಡಿಗೆ ಮಗ್ಗಕ್ಕಿಂತ ಮೊದಲು ನೆನಪಾಗುವುದು ನಿಂಬೆಹಣ್ಣು, ಪಾಪ.)

"ಆ ಪದಗಳ್ನ ಬೇಡದ ಪಟ್ಟಿಗೆ ಸೇರಿಸ್ಬುಟ್ರೆ ಅವ್ರಿಗೆ ನಮ್ದು ಕಾಣಾಕಿಲ್ಲ ಮಾವ."

"ತಡೀಲಾ! 'ಸೀರೆ ಜೊತೆ ನಿಂಬೆಹಣ್ಣು ಫ್ರೀ' ಅಂತ ಮೂರನೇದೊಂದು ಬರ್ದು ಪರೀಕ್ಷೆ ಮಾಡು."